ಒಂಟಿ ಸವಾರರ ಕ್ಯಾಮೆರಾ: ಮೊದಲು ಟೈಮರ್ ನೋಡಿ

ಮಾನ್ಯರೇ,

ರಸ್ತೆ ಬದಿಯಲ್ಲಿ ಕ್ಯಾಮೆರಾ ಇಟ್ಟು, ಒಬ್ಬರೇ ಬೈಕ್ ಓಡಿಸುತ್ತ ತಮ್ಮ ಫೋಟೊ ತಾವೇ ತೆಗೆಯಲು ಅಗ್ಗದ ಕ್ಯಾಮೆರಾ ಹುಡುಕುವವರು ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗುತ್ತಾರೆ. ಮೊದಲು ಕೇಳಬೇಕಾದದ್ದು ಇಂಟರ್ವಲ್ ಟೈಮರ್, ಅಂದರೆ ಇಷ್ಟಿಷ್ಟು ಸೆಕೆಂಡಿಗೊಮ್ಮೆ ತಾನೇ ಚಿತ್ರ ತೆಗೆಯುತ್ತ ಹೋಗುವ ಸೌಲಭ್ಯ, ಇದೆಯೇ ಎಂದು. 10 ಸೆಕೆಂಡಿನ ಸೆಲ್ಫ್ ಟೈಮರ್ ಒತ್ತಿ ಓಡಿದರೆ, ಹೆಲ್ಮೆಟ್ ಪಟ್ಟಿ ಬಿಗಿಯುವಷ್ಟರಲ್ಲೇ ಕ್ಲಿಕ್ ಆಗಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ 8 ಮೀಟರ್ ದಾಟುತ್ತದೆ. 2 ಸೆಕೆಂಡಿಗೊಂದು ಚಿತ್ರವಾದರೆ ನಡುವೆ 16 ಮೀಟರ್ ಹೋಗಿಬಿಟ್ಟಿತು! ಅರ್ಧ ಸೆಕೆಂಡಿಗೊಂದು ತೆಗೆಯುವ ಸೆಕೆಂಡ್ ಹ್ಯಾಂಡ್ ಆಕ್ಷನ್ ಕ್ಯಾಮೆರಾ ಇದಕ್ಕೆ ಸಾಕು. ಆದರೆ ಅದರ ಲೆನ್ಸ್ ತುಂಬ ಅಗಲದ ನೋಟವನ್ನು ಹಿಡಿಯುತ್ತದೆ. ಬೈಕ್ ನಾಲ್ಕೈದು ಮೀಟರ್ ಹತ್ತಿರ ಬರದಿದ್ದರೆ ಸವಾರ ಇರುವೆಯಂತೆ ಕಾಣುತ್ತಾನೆ.

ಜೂಮ್ ಬೇಕೆನ್ನುವವರಿಗೆ ಹಳೆಯ ಕ್ಯಾನನ್ ಪವರ್‌ಶಾಟ್ ಒಳ್ಳೆಯದು. ಹಲವು ಮಾದರಿಗಳಲ್ಲಿ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ಹಾಕಿದರೆ ಇಂಟರ್ವಲ್ ಸೌಲಭ್ಯ ಸಿಗುತ್ತದೆ. ಕೊಳ್ಳುವ ಮುನ್ನ ನಿಮ್ಮ ಮಾದರಿ ಸಿಎಚ್‌ಡಿಕೆ ನಡೆಯುವ ಕ್ಯಾಮೆರಾಗಳ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.

ಶಟರ್ ವೇಗ, ಅಂದರೆ ಒಂದು ಚಿತ್ರಕ್ಕೆ ಶಟರ್ ತೆರೆದಿರುವ ಹೊತ್ತು, ನಮ್ಮ ಕೈಯಲ್ಲಿರಬೇಕು. ಅದೇ 30 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ಬೈಕ್ 1/60 ಸೆಕೆಂಡಿನಲ್ಲಿ 14 ಸೆಂ.ಮೀ. ಸರಿದು ಮಸುಕಾಗುತ್ತದೆ, 1/1000ರಲ್ಲಿ ಒಂದು ಸೆಂ.ಮೀ.ಯೂ ಸರಿಯದು. ಆಟೊಫೋಕಸ್ ಹಿಂದಿನ ಮರವನ್ನು ಹಿಡಿದುಬಿಡುತ್ತದೆ. ಹಾಯುವ ಜಾಗದ ಪಕ್ಕ, ರಸ್ತೆಯಂಚಿನಾಚೆ ಒಂದು ಕಲ್ಲಿಟ್ಟು, ಅದಕ್ಕೆ ಫೋಕಸ್ ಮಾಡಿ ಲಾಕ್ ಮಾಡಿ.

ಫೋನನ್ನು ಹ್ಯಾಂಡಲ್‌ಗೆ ಕಟ್ಟಬೇಡಿ. ಎಂಜಿನ್ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ 2021ರಲ್ಲೇ ಎಚ್ಚರಿಸಿದೆ. ಟ್ರೈಪಾಡ್‌ಗೆ ಒಂದೆರಡು ಲೀಟರ್ ನೀರಿನ ಬಾಟಲಿ ತೂಗುಹಾಕಿ, ಇಲ್ಲವಾದರೆ ಲಾರಿ ಹಾಯ್ದ ಗಾಳಿಗೇ ಉರುಳುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಯ ತಿರುವುಗಳಲ್ಲಂತೂ ದಯವಿಟ್ಟು ಇಡಲೇಬೇಡಿ. ಅಲ್ಲಿ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು.

– ಓದುಗ, ಚಿಕ್ಕಮಗಳೂರು