ಹಸಿವಿನ ಜೊತೆ ಜಗಳ ಬೇಡ, ಸುಹಾಸ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಸರಿ ದೊಡ್ಡಮ್ಮ, ಆಯ್ತು ದೊಡ್ಡಮ್ಮ" ಅಂತ ಮಾತು ಮುಗಿಸಿಬಿಡುತ್ತೀಯ. ಕಾಗದವಾದರೆ ಎತ್ತಿಟ್ಟುಕೊಂಡು ಮತ್ತೆ ಓದಬಹುದು. ಇದು ನಿನಗೆ ಮಾತ್ರ. ನಿಮ್ಮಮ್ಮನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ನಿನಗೆ ಬಿಟ್ಟಿದ್ದು.

ಹೋದ ವಾರ ನೀನು ಒಂದು ಮಾತು ಹೇಳಿದೆ. "ನನಗೆ ಕಂಟ್ರೋಲ್ ಇಲ್ಲ ದೊಡ್ಡಮ್ಮ, ನನ್ನ ಮೇಲೆ ನನಗೇ ಅಸಹ್ಯ" ಅಂತ. ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಯಾಕೆಂದರೆ ಅದು ನಿಜವಲ್ಲ. ಅಷ್ಟು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ನಿನ್ನೊಳಗೆ ಏನು ನಡೆಯುತ್ತಿದೆ ಅಂತ ನಿನಗೆ ಹೇಳದಿದ್ದರೆ ಹೇಗೆ?

ಗಣೇಶನ ಹಬ್ಬಕ್ಕೆ ಮನೆಗೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಎಲೆಗೆ ಬಡಿಸಿದ ಕಡುಬನ್ನು ಬೆರಳಲ್ಲಿ ಅಂಚಿಗೆ ಸರಿಸಿ, ಕೋಸಂಬರಿ ಮಾತ್ರ ತಿಂದು ಎದ್ದೆ. ಜಿಮ್‌ನಲ್ಲಿ ಕಟಿಂಗ್ ನಡೀತಿದೆ, ಕೊಬ್ಬು ಇಳಿಸ್ತಿದ್ದೀನಿ ಅಂದೆ. ಅವತ್ತು ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆ ಲೈಟ್ ಉರಿಯುತ್ತಿತ್ತು. ನೀನು ನಿಂತುಕೊಂಡೇ ತಿನ್ನುತ್ತಿದ್ದೆ. ಕೋಡುಬಳೆ ಡಬ್ಬ, ಕಡುಬಿನ ಪಾತ್ರೆ, ತಣ್ಣಗಿನ ಅನ್ನ. ಬಾಯಲ್ಲಿದ್ದದ್ದು ಇಳಿಯುವ ಮೊದಲೇ ಕೈ ಇನ್ನೊಂದು ಪಾತ್ರೆಗೆ ಹೋಗುತ್ತಿತ್ತು. ಆಮೇಲೆ ಬಚ್ಚಲಲ್ಲಿ ತುಂಬಾ ಹೊತ್ತು ನಲ್ಲಿ ಜೋರಾಗಿ ಬಿಟ್ಟಿತ್ತು. ಯಾವ ಸದ್ದು ಮುಚ್ಚಲು ಬಿಟ್ಟೆ ಅಂತ ನನಗೆ ಗೊತ್ತಾಯಿತು, ಮಗು. ನಾಚಿಕೆಪಡಬೇಡ. ಮುಂದೆ ಓದು.

ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗವಿದೆ. ದೇಹಕ್ಕೆ ಊಟ ಬೇಕೋ ಸಾಕೋ ಅನ್ನುವ ಲೆಕ್ಕ ಅಲ್ಲಿ ನಡೆಯುತ್ತದೆ. ಅಲ್ಲಿಗೆ ಸುದ್ದಿ ಒಯ್ಯುವುದು ಹಾರ್ಮೋನುಗಳು. ಲೆಪ್ಟಿನ್ ನಮ್ಮ ಕೊಬ್ಬಿನಿಂದಲೇ ಹೊರಡುತ್ತದೆ. ಉಗ್ರಾಣದಲ್ಲಿ ದಿನಸಿ ಎಷ್ಟು ಉಳಿದಿದೆ ಅಂತ ಮನೆಯವರಿಗೆ ವರದಿ ಒಪ್ಪಿಸುವ ಹಾಗೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು ಕಂಡುಹಿಡಿಯಿತು. ಅದಕ್ಕೆ ಮೊದಲು ಕೊಬ್ಬು ಅಂದರೆ ಸುಮ್ನೆ ಶೇಖರಣೆ ಅಂತಲೇ ಹೆಚ್ಚಿನವರು ತಿಳಿದಿದ್ದರು. ಹಸಿವು ಹುಟ್ಟಿಸುವ ಗ್ರೆಲಿನ್ ಹೊಟ್ಟೆಯಿಂದ ಹೊರಡುತ್ತದೆ, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ಊಟದ ಹೊತ್ತಿಗೆ ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಇನ್ನು ಸಾಕು ಅನ್ನುವ ಸುದ್ದಿ ಕರುಳಿನಿಂದ ಹೊರಡುವ ಸಿಸಿಕೆ, ಪಿವೈವೈ, ಜಿಎಲ್‌ಪಿ-1 ಮುಂತಾದವುಗಳಿಂದ ಬರುತ್ತದೆ.

ಈಗ ನೀನು ಮಾಡುತ್ತಿರುವುದನ್ನು ನೋಡು. ಬೆಳಿಗ್ಗೆ ಕಪ್ಪು ಕಾಫಿ, ಮಧ್ಯಾಹ್ನ ಒಂದಿಷ್ಟು ಮೊಳಕೆಕಾಳು, ಸಂಜೆ ಜಿಮ್. ಊಟ ಕಡಿಮೆಯಾದ ಕೆಲವೇ ದಿನಕ್ಕೆ ಲೆಪ್ಟಿನ್ ಕುಸಿಯುತ್ತದೆ, ಕೊಬ್ಬು ಕರಗುವುದಕ್ಕಿಂತ ಬೇಗ. ಡಯಟ್ ಮಾಡಿ ತೂಕ ಇಳಿಸಿದವರಲ್ಲಿ ಗ್ರೆಲಿನ್ ದಿನವಿಡೀ ಜಾಸ್ತಿ ಇರುತ್ತದೆ ಅಂತ 2002ರಲ್ಲೇ ಅಳೆದು ನೋಡಿದ್ದಾರೆ. ಅಂದರೆ ಎರಡು ಕಡೆಯಿಂದಲೂ ಮೆದುಳಿಗೆ ಒಂದೇ ಸುದ್ದಿ: ಬರ ಬಂದಿದೆ, ಸಿಕ್ಕಿದ್ದನ್ನು ತಿನ್ನು. ಹೈಪೋಥಲಾಮಸ್‌ನಲ್ಲಿ ಹಸಿವು ಹುಟ್ಟಿಸುವ ಕೆಲವು ನರಕೋಶಗಳಿವೆ. 2011ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಆ ನರಕೋಶಗಳನ್ನು ಮಾತ್ರ ಬೆಳಕಿನಿಂದ ಎಚ್ಚರಿಸಿದರು. ಹೊಟ್ಟೆ ತುಂಬಿದ್ದ ಇಲಿಗಳೂ ನಿಮಿಷಗಳೊಳಗೆ ಗಬಗಬ ತಿನ್ನಲು ಶುರುಮಾಡಿದವು. ಆ ಇಲಿಗಳಿಗೆ ಮನೋಬಲ ಸಾಲದು ಅನ್ನುತ್ತೀಯಾ? ಹಾಗಾದರೆ ನಿನಗೆ ಯಾಕೆ ಅನ್ನಿಸಬೇಕು?

ಇಲಿಯ ಮಾತು ಬೇಡ, ಮನುಷ್ಯರದ್ದೇ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಅವರಿಗೆ ಮತ್ತೆ ಊಟ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆ ಅಂತ ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು ಒಂದು ಪ್ರಯೋಗ ಮಾಡಿದರು. 36 ಯುವಕರು ತಾವಾಗಿಯೇ ಬಂದರು. ಯುದ್ಧದಲ್ಲಿ ಕೊಲ್ಲುವುದಿಲ್ಲ ಎಂದು ನಿಂತವರು, ಆರೋಗ್ಯವಂತರು, ಗಟ್ಟಿ ಮನಸ್ಸಿನವರು. 1945ರಲ್ಲಿ 24 ವಾರ ಅವರಿಗೆ ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು.

ಅವರ ಮನಸ್ಸಿಗೆ ಏನಾಯಿತು ಅನ್ನುವುದನ್ನು ನೀನು ಗಮನಿಸಬೇಕು. ಹಗಲು ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದಾಡುತ್ತಿದ್ದರು. ಸ್ನೇಹಿತರು ಬೇಡವಾದರು, ಸಿಟ್ಟು ಜಾಸ್ತಿಯಾಯಿತು, ಸದಾ ಮಂಕು. ಕೆಲವರು ತಡೆಯಲಾರದೆ ಗುಟ್ಟಾಗಿ ತಿಂದು, ಆಮೇಲೆ ತಮ್ಮನ್ನೇ ಹಳಿದುಕೊಂಡರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗಲೂ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಇಂಗಲಿಲ್ಲ. ಮೊದಲು ಇವರಲ್ಲಿ ಇಂಥ ಯಾವ ತೊಂದರೆಯೂ ಇರಲಿಲ್ಲ. ಹಸಿವು ಇದನ್ನೆಲ್ಲ ತಂದಿಟ್ಟಿತು. ನೀನು ರಾತ್ರಿ ಒಂದು ಗಂಟೆಗೆ ಬಿರಿಯಾನಿ, ಕೇಕ್ ಆರ್ಡರ್ ಮಾಡಿ, ಪಿಜಿ ರೂಮ್‌ಮೇಟ್‌ಗೆ ಗೊತ್ತಾಗದ ಹಾಗೆ ಮೆಟ್ಟಿಲ ಮೇಲೆ ಕೂತು ತಿಂದೆ ಅಂದೆಯಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎಲ್ಲವೂ ಹಾರ್ಮೋನಿನ ಆಟ ಅಂತ ನಾನು ಹೇಳುತ್ತಿಲ್ಲ. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ, ಇರುವವರಲ್ಲಿ ಗ್ರೆಲಿನ್ ತುಂಬಾ ಏರಿರುತ್ತದೆ, ಆದರೂ ಅವರು ಊಟ ಮಾಡುವುದಿಲ್ಲ. ಹಸಿವಿನ ಕೂಗಿಗಿಂತ ಭಯದ ಕೂಗು ಜೋರಾಗಿರುತ್ತದೆ. ಹುಟ್ಟಿನಿಂದ ಬಂದ ಗುಣ, ಚಿಂತೆ, ಯಾರೋ ಆಡಿದ ಮಾತು, ಮೊಬೈಲ್‌ನಲ್ಲಿ ನೋಡುವ ಮೈಕಟ್ಟು, ಎಲ್ಲ ಸೇರುತ್ತದೆ. ನಿನ್ನನ್ನು ಚಿಕ್ಕವನಿದ್ದಾಗ ಮದುವೆ ಮನೆಗಳಲ್ಲಿ "ಗುಂಡ" ಅಂತ ಕೂಗುತ್ತಿದ್ದರು. ನಗುತ್ತಿದ್ದೆ. ಒಳಗೆ ಎಷ್ಟು ಚುಚ್ಚಿತ್ತೋ. ಹಾಗೆ ಕೂಗುವುದು ತಪ್ಪು, ಮಕ್ಕಳ ಮೈಯನ್ನು ಆಡಿಕೊಳ್ಳುವುದು ನಮ್ಮ ಮನೆಗಳಲ್ಲಿ ನಿಲ್ಲಲೇಬೇಕು.

ಹುಡುಗರಿಗೆ ಇದೆಲ್ಲ ಬರುವುದಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡ. ಅನೊರೆಕ್ಸಿಯಾ ಅನ್ನಲು ಮುಟ್ಟು ನಿಂತಿರಬೇಕು ಅನ್ನುವುದೂ 2013ರವರೆಗೆ ಅಮೆರಿಕದ ಮನೋವೈದ್ಯರ ಲಕ್ಷಣಗಳ ಪಟ್ಟಿಯಲ್ಲಿತ್ತು! ಪಟ್ಟಿಯೇ ಹಾಗಿದ್ದರೆ ಹುಡುಗರು ಯಾರ ಕಣ್ಣಿಗೆ ಬೀಳಬೇಕು?

ನಿನ್ನದು ಬುಲಿಮಿಯಾನೋ (ಮಿತಿಮೀರಿ ತಿಂದು, ಆಮೇಲೆ ವಾಂತಿ ಮುಂತಾದವುಗಳಿಂದ ಅದನ್ನು ಕಳೆಯಲು ನೋಡುವ ಕಾಯಿಲೆ) ಇನ್ನೊಂದೋ, ಹೆಸರಿಡುವ ಕೆಲಸ ಡಾಕ್ಟರದ್ದು. ಆದರೆ ವಾಂತಿಯ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಪದೇಪದೇ ವಾಂತಿ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಅದು ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಜೀವಕ್ಕೇ ಅಪಾಯ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಾಣುವವರಿಗೂ ಹೀಗಾಗುತ್ತದೆ. ಈ ವಾರವೇ ರಕ್ತಪರೀಕ್ಷೆ ಮಾಡಿಸು, ಇಸಿಜಿಯನ್ನೂ ಕೇಳು. ತಲೆ ಸುತ್ತಿದರೆ, ಎದೆ ಡವಡವ ಅಂದರೆ ಕಾಯಬೇಡ, ಹತ್ತಿರದ ಆಸ್ಪತ್ರೆಗೆ ಹೋಗು. ಹಲ್ಲಿನ ಹೊರಪದರವನ್ನೂ ಆ ಹುಳಿ ತಿನ್ನುತ್ತದೆ. ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡ, ನೀರಲ್ಲಿ ಬಾಯಿ ಮುಕ್ಕಳಿಸು.

ಇನ್ನೊಂದು ವಿಷಯ. ಬುಲಿಮಿಯಾ ಇರುವವರಲ್ಲಿ ಊಟದ ನಂತರ ಆ ಸಿಸಿಕೆ ಬೇರೆಯವರಷ್ಟು ಏರುವುದಿಲ್ಲ ಅಂತ 1988ರಲ್ಲಿ ಕಂಡುಕೊಂಡರು. ಸಾಕು ಅನ್ನುವ ಸುದ್ದಿಯೇ ಅವರಿಗೆ ಸರಿಯಾಗಿ ತಲುಪುವುದಿಲ್ಲ. ಚಿಕಿತ್ಸೆ ಪಡೆದ ಕೆಲವರಲ್ಲಿ ಅದು ಸುಧಾರಿಸಿತು. ಕೆಟ್ಟದ್ದು ಸರಿಹೋಗುತ್ತದೆ, ಸುಹಾಸ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದವರಿಗೆ ಮಾತ್ರೆಯೂ ಇದೆ. ಆ ಚಿಕಿತ್ಸೆಯಲ್ಲಿ ಮೊದಲು ಹೇಳಿಕೊಡುವುದೇ ಹೊತ್ತಿಗೆ ಸರಿಯಾಗಿ ಊಟ ಮಾಡುವುದು.

ಹಾಗಾಗಿ ರಾತ್ರಿಯ ಚಿಂತೆ ಬಿಟ್ಟು ಬೆಳಿಗ್ಗೆ ತಿಂಡಿ ತಿನ್ನು. ಪಿಜಿಯ ಉಪ್ಪಿಟ್ಟು ಚೆನ್ನಾಗಿಲ್ಲದಿದ್ದರೆ ದರ್ಶಿನಿಯಲ್ಲಿ ಎರಡು ಇಡ್ಲಿ ತಿನ್ನು. ಮಧ್ಯಾಹ್ನ ಅನ್ನ ಸಾರು, ಸಂಜೆ ಏನಾದರೂ, ರಾತ್ರಿ ಊಟ. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಮರುದಿನದ ತಿಂಡಿ ಬಿಡಬೇಡ. ಬಿಟ್ಟರೆ ಅದೇ ಸುತ್ತು ಮತ್ತೆ ಶುರು. ಅಜ್ಜಿಯ ಜೊತೆ ಏಕಾದಶಿ ಮಾಡುತ್ತೇನೆ ಅಂದೆಯಂತೆ, ಸದ್ಯಕ್ಕೆ ಬೇಡ. ಅಜ್ಜಿಗೆ ನಾನು ಹೇಳುತ್ತೇನೆ. ತೂಕದ ಮಷೀನನ್ನು ರೂಮಿನಿಂದ ಹೊರಗಿಡು. ನಿದ್ದೆಗೆಡಬೇಡ, ನಿದ್ದೆ ಕೆಟ್ಟರೆ ಹಸಿವೂ ಕೆಡುತ್ತದೆ.

ರಾತ್ರಿ ಮನಸ್ಸು ತೀರಾ ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಸರ್ಕಾರದ್ದು, ಉಚಿತ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ನನಗೆ ಫೋನ್ ಮಾಡಿದರೂ ಎತ್ತುತ್ತೇನೆ.

ಮುಂದಿನ ಮಂಗಳವಾರ ರಜೆ ಹಾಕು. ಸೋಮವಾರ ರಾತ್ರಿಯೇ ಹನುಮಂತನಗರಕ್ಕೆ ಬಂದುಬಿಡು. ಬೆಳಿಗ್ಗೆ ಬೇಗ ಹೊರಟು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗೋಣ. ಅಲ್ಲಿ ಜನ ಜಾಸ್ತಿ, ಚೀಟಿ ಮಾಡಿಸಲು ನಾನು ಸಾಲಿನಲ್ಲಿ ನಿಲ್ಲುತ್ತೇನೆ. ಡಾಕ್ಟರ ಹತ್ತಿರ ನೀನೊಬ್ಬನೇ ಹೋಗಿ ಮಾತಾಡು, ನಾನು ಒಳಗೆ ಬರುವುದಿಲ್ಲ, ಆಮೇಲೆ ಏನೂ ಕೇಳುವುದಿಲ್ಲ. ಆಧಾರ್ ಕಾರ್ಡ್ ತರಲು ಮರೆಯಬೇಡ. ರಕ್ತಪರೀಕ್ಷೆಯ ರಿಪೋರ್ಟ್ ಅಷ್ಟರಲ್ಲಿ ಬಂದರೆ ಅದನ್ನೂ ತಾ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ