11ನೇ ಗೋಡೆಯ ಸಾರವೆ ಬಿಚ್ಚಿದ ಮೇಲೆ

ನಿನ್ನೆ ಸಂಜೆ ಕೊನೆಯ ಸಾರವೆ ಬಿಚ್ಚಿ ಕೆಳಗಿಳಿಸಿದೆವು. ಎರಡು ವರ್ಷದ ಹಿಂದೆ ನಮ್ಮ ಕೈಗಾರಿಕಾ ಬೀದಿಯಲ್ಲಿ ಇದ್ದದ್ದು ಬೂದು ಶೆಡ್‌ಗಳು, ತುಕ್ಕು ಹಿಡಿದ ಶಟರ್‌ಗಳು, ಬಾಗಿಲು ಹಾಕಿದ ಎರಡು ಕಾರ್ಖಾನೆಗಳ ಉದ್ದುದ್ದ ಬೋಳು ಗೋಡೆಗಳು. ಈಗ ಅಲ್ಲಿ 11 ಗೋಡೆಗಳ ಮೇಲೆ ಚಿತ್ರಗಳಿವೆ. ಬಿಡಿಸಿದ ಕಲಾವಿದರ ಹೆಸರು ಗೋಡೆಯ ಮೂಲೆಯಲ್ಲಿದೆ. ಅಲ್ಲಿ ಹೆಸರು ಬಾರದವರಿಗೆ ಈ ಬರಹ.

ಮೊದಲ ನಮಸ್ಕಾರ ಗಾರೆ ಕೆಲಸದ ಆ ಹಿರಿಯರಿಗೆ. ಮೊದಲನೇ ಗೋಡೆಯನ್ನು ನಾವು ಅವಸರದಲ್ಲಿ ಮುಗಿಸಿದ್ದೆವು. ಪ್ರೈಮರ್ ಹೊಡೆದು, ಮೇಲೆ ಎಕ್ಸ್‌ಟೀರಿಯರ್ ಎಮಲ್ಷನ್ ಬಳಿದು, ಫೋಟೊ ತೆಗೆಸಿಕೊಂಡು ಸಂಭ್ರಮಿಸಿದೆವು. ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಸೊಂಟದೆತ್ತರದ ಬಣ್ಣ ಗುಳ್ಳೆಯೆದ್ದು, ಸಿಪ್ಪೆ ಸುಲಿದಂತೆ ಕಳಚಿ ಬಿತ್ತು. ಅದರ ಮುಂದೆ ಏನು ಮಾಡುವುದೆಂದು ತೋಚದೆ ನಿಂತಿದ್ದಾಗ, ಎದುರಿನ ಶೆಡ್‌ನಲ್ಲಿ ಕೆಲಸಕ್ಕೆ ಬಂದಿದ್ದ ಅವರು ರಸ್ತೆ ದಾಟಿ ಬಂದು, ಉಗುರಿನಿಂದ ಗೋಡೆ ಕೆರೆದು, ಬೆರಳ ತುದಿಗೆ ಅಂಟಿದ ಬಿಳಿ ಪುಡಿಯನ್ನು ನನ್ನ ಅಂಗೈ ಮೇಲೆ ಉದುರಿಸಿದರು. "ಇದು ಉಪ್ಪಮ್ಮ. ನೆಲದಿಂದ ಗೋಡೆ ನೀರು ಹೀರ್ತಾ ಇದೆ. ನೀರು ಒಣಗಿ ಹೋಗುತ್ತೆ, ಉಪ್ಪು ಉಳ್ಕೊಳ್ಳುತ್ತೆ. ನಿಮ್ಮ ಬಣ್ಣಾನ ಒಳಗಿಂದ ತಳ್ತಿರೋದು ಇದೇ," ಎಂದರು.

ಆಮೇಲೆ ನಾಲ್ಕು ಭಾನುವಾರ ಅವರು ನಮ್ಮ ಜೊತೆ ಇದ್ದರು. ಉಪ್ಪನ್ನು ನೀರು ಹಾಕಿ ತೊಳೆಯಬಾರದು, ಕರಗಿ ಮತ್ತೆ ಒಳಗೇ ಇಳಿಯುತ್ತದೆ, ಒಣ ಬ್ರಷ್‌ನಲ್ಲೇ ಉಜ್ಜಬೇಕು ಎಂದು ಕಲಿಸಿದರು. ಒಡೆದ ಮಳೆನೀರಿನ ಪೈಪ್ ಹುಡುಕಿ ಸರಿಮಾಡಿದರು. ತೇವ ಉಳಿದಿದೆಯೇ ತಿಳಿಯಲು ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಒಳಮೈಯಲ್ಲಿ ಹನಿ ಕೂತಿದೆಯೇ ನೋಡುವುದನ್ನು ಅಭ್ಯಾಸ ಮಾಡಿಸಿದರು. ಹೊಸ ಗಾರೆಗೆ 28 ದಿನ ಕೊಡದೆ ಬ್ರಷ್ ಮುಟ್ಟಗೊಡಲಿಲ್ಲ. ಗೋಡೆಯ ತಳಭಾಗಕ್ಕೆ ಉಸಿರಾಡುವ ಬಣ್ಣವೇ ಬೇಕು ಎಂಬುದು ಅವರ ಹಟ. ಹುಡುಕಿದಾಗ ಸಿಕ್ಕಿದ್ದು ಸಿಲಿಕೇಟ್ ಬಣ್ಣ. ಜರ್ಮನಿಯಲ್ಲಿ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಬಗೆಯದು. ಅದು ಪೊರೆಯಂತೆ ಮೇಲೆ ಕೂರುವುದಿಲ್ಲ, ಗಾರೆಯ ಜೊತೆಗೇ ಬೆಸೆದುಕೊಂಡು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಉಳಿದ ಹತ್ತು ಗೋಡೆಗಳು ಇವತ್ತು ಗಟ್ಟಿಯಾಗಿ ನಿಂತಿದ್ದರೆ ಅದು ಅವರ ಕೈಗುಣ.

ಎರಡನೆಯದಾಗಿ, ನಮ್ಮ ಮೊದಲ ನಕ್ಷೆಯನ್ನು ಬೇಡ ಎಂದವರಿಗೆ. ನಾವು ಹೂವು, ಹಕ್ಕಿ, ದೊಡ್ಡ ಕಣ್ಣಿನ ಹುಡುಗಿಯ ಮುಖ ಬರೆದುಕೊಂಡು ಹೋಗಿದ್ದೆವು. ಪ್ಯಾಕಿಂಗ್ ವಿಭಾಗದ ಅಕ್ಕ ಒಬ್ಬರು ಹಾಳೆಯನ್ನು ತುಂಬ ಹೊತ್ತು ನೋಡಿ, "ಚೆನ್ನಾಗಿದೆ. ಆದರೆ ದಿನಾ ನೋಡೋರು ನಾವು. ಇದರಲ್ಲಿ ನಮ್ಮದೇನಿದೆ?" ಎಂದು ಕೇಳಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗೀಚು ತಡೆಯುವ ಯೋಜನೆಯಾಗಿ ಶುರುವಾದ ಕೆಲಸ, ಕಲಾವಿದೆ ಜೇನ್ ಗೋಲ್ಡನ್ ಅವರ ಮುಂದಾಳತ್ವದಲ್ಲಿ ಸಾವಿರಾರು ಭಿತ್ತಿಚಿತ್ರಗಳಾಗಿ ಬೆಳೆದದ್ದನ್ನು ನಾನು ಓದಿದ್ದೆ. ಗೀಚುತ್ತಿದ್ದ ಹುಡುಗರ ಕೈಗೇ ಅಲ್ಲಿ ಬ್ರಷ್ ಕೊಟ್ಟರು, ಬಿಡಿಸುವ ಮೊದಲು ನೆರೆಹೊರೆಯವರನ್ನು ಕೂರಿಸಿಕೊಂಡು ಮಾತಾಡಿದರು. ಓದಿದ್ದನ್ನು ಮಾಡಲು ಆ ಅಕ್ಕನ ಪ್ರಶ್ನೆ ಬೇಕಾಯಿತು.

ಹೀಗೆ ನಾವು ಶೆಡ್‌ಗಳ ಒಳಗೆ ಕೂತೆವು. ಲೇತ್ ಮೆಷಿನ್ ನಡೆಸುವ ಅಣ್ಣ ಒಬ್ಬರು ತಟ್ಟೆಯಿಂದ ಉಕ್ಕಿನ ಸುರುಳಿಗಳನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಒಂದು ತಿಳಿ ಹಳದಿ, ಒಂದು ಕಂದು, ಒಂದು ನೇರಳೆ, ಒಂದು ಕಡುನೀಲಿ. "ಇದಕ್ಕೆ ಯಾರೂ ಬಣ್ಣ ಹಚ್ಚಿಲ್ಲ, ಕಾವು ಏರಿದ ಹಾಗೆ ಉಕ್ಕೇ ಬಣ್ಣ ತಿರುಗುತ್ತೆ. ಬಣ್ಣ ನೋಡಿದ್ರೆ ಎಷ್ಟು ಬಿಸಿಯಾಗಿತ್ತು ಅಂತ ಗೊತ್ತಾಗುತ್ತೆ." ಆರನೇ ಗೋಡೆಯಿಂದ ಹನ್ನೊಂದರವರೆಗೆ ನಾವು ಬಳಸಿದ್ದು ಆ ನಾಲ್ಕು ಬಣ್ಣಗಳನ್ನು, ಅದೇ ಸಾಲಿನಲ್ಲಿ. ಈ ಬೀದಿಯ ಬಣ್ಣ ಈ ಬೀದಿಯೊಳಗೇ ಇತ್ತು. ತೋರಿಸಿಕೊಟ್ಟಿರಿ ಅಣ್ಣ, ಮರೆಯುವುದಿಲ್ಲ.

ಗೋಡೆಯ ಮಾಲೀಕರಿಗೂ ಧನ್ಯವಾದ, ವಿಶೇಷವಾಗಿ ಕಾಗದದ ಮೇಲೆ ಸಹಿ ಹಾಕಿದ್ದಕ್ಕೆ. ಚಿತ್ರ ಕನಿಷ್ಠ ಇಷ್ಟು ವರ್ಷ ಇರಬೇಕು, ಅಳಿಸುವ ಮುನ್ನ ಕಲಾವಿದರಿಗೆ ತಿಳಿಸಬೇಕು ಎಂಬ ಒಪ್ಪಂದ ಕೆಲವರಿಗೆ ಅತಿಯೆನಿಸಿತ್ತು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಜ್ ಎಂಬ ಹಳೆಯ ಕಾರ್ಖಾನೆ ಕಟ್ಟಡದ ಗೋಡೆಚಿತ್ರಗಳ ಮೇಲೆ ಅದರ ಮಾಲೀಕರು 2013ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಸುಣ್ಣ ಬಳಿದಂತೆ ಬಿಳಿ ಬಣ್ಣ ಹೊಡೆದರು. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ದುಡ್ಡು ಬಂತು, ಚಿತ್ರಗಳು ಬರಲಿಲ್ಲ. ಇದನ್ನು ಹೇಳಿದ ಮೇಲೆ ಮಾಲೀಕರು ಮರುಮಾತಿಲ್ಲದೆ ಸಹಿ ಮಾಡಿದರು.

ಅದಕ್ಕಿಂತ ಕಷ್ಟದ ಮಾತು ಬಾಡಿಗೆಯದು. ಸಭೆಯಲ್ಲಿ ಚಿಕ್ಕ ವೆಲ್ಡಿಂಗ್ ಶಾಪ್ ನಡೆಸುವವರೊಬ್ಬರು ಎದ್ದು ನಿಂತು, "ಬೀದಿ ಚೆಂದ ಆದಮೇಲೆ ಬಾಡಿಗೆ ಏರಿಸಿ ನಮ್ಮನ್ನೇ ಎಬ್ಬಿಸಿದ್ರೆ?" ಎಂದರು. ಸುಮ್ಮನಿರಿ ಎಂದು ಅವರನ್ನು ಕೂರಿಸಲು ನೋಡಿದವರಿದ್ದರು. ಅವರು ಕೂರಲಿಲ್ಲ. ಮಯಾಮಿಯ ವಿನ್‌ವುಡ್‌ನಲ್ಲಿ ನಡೆದದ್ದು ಅದೇ: 2009ರಲ್ಲಿ ರಿಯಲ್ ಎಸ್ಟೇಟ್ ಉದ್ಯಮಿ ಟೋನಿ ಗೋಲ್ಡ್‌ಮನ್ ಗೋದಾಮುಗಳ ಗೋಡೆಗಳಿಗೆ ಬಣ್ಣ ಹಾಕಿಸಿದರು, ಪ್ರವಾಸಿಗರು ಬಂದರು, ಬಾಡಿಗೆ ಏರಿತು, ಮೊದಲಿನ ಗ್ಯಾಲರಿಗಳೂ ಕಲಾವಿದರೂ ಎಷ್ಟೋ ಜನ ಜಾಗ ಖಾಲಿ ಮಾಡಿದರು. ಆ ಪ್ರಶ್ನೆಯಿಂದಾಗಿ ಮೂರು ಶೆಡ್‌ಗಳ ಮಾಲೀಕರು ಐದು ವರ್ಷದ ಬಾಡಿಗೆ ಕರಾರಿಗೆ ಒಪ್ಪಿದರು. ಉಳಿದವರು ಇನ್ನೂ ಒಪ್ಪಿಲ್ಲ. ನಾವು ಕೇಳುವುದನ್ನು ನಿಲ್ಲಿಸಿಲ್ಲ.

ಒಂದು ಸಂಸ್ಥೆ ಬಣ್ಣ ಕೊಡುತ್ತೇವೆಂದು ಮಾತು ಕೊಟ್ಟು, ಏಳನೇ ಗೋಡೆ ಅರ್ಧವಾದಾಗ ಕೈಬಿಟ್ಟಿತು. ಆ ವಾರ ನಾನು ಸೋತೇಹೋಗಿದ್ದೆ. ಯಾರು ಹೇಳಿದರೋ ಗೊತ್ತಿಲ್ಲ, ಸೋಮವಾರ ಬೆಳಿಗ್ಗೆ ಏಣಿಯ ಬುಡದಲ್ಲಿ ನಾಲ್ಕು ಶೆಡ್‌ಗಳಿಂದ ಬಂದ ಅರ್ಧ ಉಳಿದ ಡಬ್ಬಗಳು ಸಾಲಾಗಿ ಕೂತಿದ್ದವು. ಗೇಟಿಗೆ ಹೊಡೆದು ಮಿಕ್ಕಿದ್ದು, ಮೆಷಿನ್‌ಗೆ ಹೊಡೆದು ಮಿಕ್ಕಿದ್ದು. ಎಲ್ಲವೂ ಗೋಡೆಗೆ ಆಗುವಂಥವಲ್ಲ, ಆದರೂ ಕೆಲವನ್ನು ಶಟರ್‌ಗಳಿಗೆ ಬಳಸಿದೆವು. ಆ ಡಬ್ಬಗಳನ್ನು ನೋಡಿ ಅತ್ತಿದ್ದೆ. ಇಟ್ಟವರು ಯಾರೇ ಆಗಿರಲಿ, ನಿಮ್ಮ ಋಣ ದೊಡ್ಡದು.

ರಾತ್ರಿ ಕಾವಲಿನ ಅಣ್ಣನಿಗೂ ನಮಸ್ಕಾರ. ಗೋಡೆ ತುಂಬ ಅಡ್ಡಾದಿಡ್ಡಿ ಗೆರೆ, ಅಂಕಿ, ಚಿಹ್ನೆ ಗೀಚಿ, ಅದರ ಫೋಟೊದ ಮೇಲೆ ನಕ್ಷೆ ಕೂರಿಸಿ ಅಳತೆ ಹಿಡಿಯುವುದು ನಮ್ಮ ಪದ್ಧತಿ. ಮೊದಲ ರಾತ್ರಿ ಯಾರೋ ಗೋಡೆ ಕೆಡಿಸಿದರೆಂದು ಬೆಳಗಿನವರೆಗೆ ಕಾದು ಕೂತಿದ್ದವರು, ಆಮೇಲೆ ಎಲ್ಲ ಗೋಡೆಗೂ ಟಾರ್ಚ್ ಹಿಡಿದು ನಿಂತರು.

ಬಣ್ಣವೊಂದರಿಂದಲೇ ಬೀದಿ ಬದಲಾಯಿತೆಂದು ನಾನು ಹೇಳಲಾರೆ. ಚಿತ್ರ ನೋಡಲು ಜನ ಬಂದರು, ಜನ ಬಂದದ್ದಕ್ಕೆ ಕೆಟ್ಟಿದ್ದ ದೀಪಗಳು ರಿಪೇರಿಯಾದವು, ದೀಪ ಬಂದದ್ದಕ್ಕೆ ಎರಡನೇ ಶಿಫ್ಟ್ ಮುಗಿಸಿದ ಹೆಣ್ಣುಮಕ್ಕಳು ಸುತ್ತುದಾರಿ ಬಿಟ್ಟು ಈಗ ಇಲ್ಲೇ ನಡೆದು ಹೋಗುತ್ತಾರೆ. ಮುಚ್ಚಿದ್ದ ಒಂದು ಶೆಡ್‌ನಲ್ಲಿ ಮರಗೆಲಸದವರು ಬಂದು ಕೂತಿದ್ದಾರೆ.

ಮೂರನೇ ಗೋಡೆಯ ಮೂಲೆಯಲ್ಲಿ ಮತ್ತೆ ಬಿಳಿ ಪುಡಿ ಕಂಡಿದೆ. ಮುಂದಿನ ಭಾನುವಾರ ಬೆಳಿಗ್ಗೆ ಕೆರೆಯಲು ಶುರುಮಾಡುತ್ತೇವೆ. ಹಿರಿಯರು ಒಣ ಬ್ರಷ್ ತಾವೇ ತರುತ್ತೇನೆ ಎಂದಿದ್ದಾರೆ.