ಮೊಟ್ಟೆ ತಟ್ಟೆಯಲ್ಲೇ ಉಳಿಯುತ್ತಿದೆ

ಮಾನ್ಯ ಸಂಪಾದಕರೇ,

2002ರಲ್ಲಿ ಬಿಸಿಯೂಟ ಮೊದಲು ಬಂದದ್ದು ರಾಯಚೂರು ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳಿಗೆ. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದೆ ಎಂಬ ಕಾರಣಕ್ಕೆ 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ವಿತರಣೆಯೂ ಇಲ್ಲಿಂದಲೇ ಆರಂಭವಾಯಿತು. ಇಷ್ಟೆಲ್ಲ ಒದಗಿಸಿದ ಮೇಲೆ ಮಗು ಅದನ್ನು ಉಣ್ಣುತ್ತಿದೆಯೇ ಎಂದು ಮಾತ್ರ ಯಾರೂ ನೋಡುತ್ತಿಲ್ಲ.

ಕಳೆದ ವಾರ ಮಗಳು ಓದುವ ಸರ್ಕಾರಿ ಪ್ರಾಥಮಿಕ ಶಾಲೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆಂದು ಹೋದವನು ಊಟದ ಗಂಟೆಯವರೆಗೂ ಉಳಿದೆ. ಬೆಳಗಿನ ಸಣ್ಣ ಬಿಡುವಿನಲ್ಲಿ ಮಕ್ಕಳ ದಂಡು ಗೇಟಿನ ಎದುರಿನ ಡಬ್ಬಾ ಅಂಗಡಿಗೆ ನುಗ್ಗಿತು. ಅಲ್ಲಿ ಸರದಂತೆ ತೂಗುಬಿಟ್ಟಿರುವುದೆಲ್ಲ ಐದು ರೂಪಾಯಿಯ ಕುರುಕಲು ಪಾಕೀಟುಗಳೇ. ಮುಂದೆ ಊಟಕ್ಕೆ ಕುಳಿತಾಗ, ಎರಡನೇ ತರಗತಿಯ ಹುಡುಗನೊಬ್ಬ ಮಸಾಲೆಯಿಂದ ಇನ್ನೂ ಕೆಂಪಾಗಿದ್ದ ಬೆರಳುಗಳಿಂದ ಮೊಟ್ಟೆಯ ಬಿಳಿಭಾಗವನ್ನು ಒಂದಿಷ್ಟು ಕಿತ್ತು ತಿಂದು, ಉಳಿದದ್ದನ್ನು ಅನ್ನದ ಜೊತೆ ತಟ್ಟೆಯ ಅಂಚಿಗೆ ಸರಿಸಿದ. ಕೇಳಿದರೆ, ‘ಹಸಿವಿಲ್ಲ ಮಾಮಾ’ ಎಂದ. ಅವನನ್ನು ಬೈಯುವ ಬಾಯಿ ನನಗಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಮಗಳ ಕೈಗೂ ಐದರ ನಾಣ್ಯ ಇಡುವವನು ನಾನೇ.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಅದರ ಸುತ್ತಲಿನ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. ತಂಬಾಕಿನ 100 ಗಜದ ನಿಯಮವನ್ನು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೇವೆ, ಈ ನಿಯಮದ ಸುದ್ದಿಯೇ ಇಲ್ಲ. ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಹುರಿದ ಶೇಂಗಾ, ಪುಟಾಣಿ, ಪೇರಲ, ಬಾಳೆಹಣ್ಣು ಇಟ್ಟರೂ ವ್ಯಾಪಾರ ನಡೆಯುತ್ತದೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ.

ಹಸಿವಿಲ್ಲದಿರುವುದಕ್ಕೆ ಪಾಕೀಟು ಅರ್ಧ ಕಾರಣವಾದರೆ, ಮೈ ಆಡದಿರುವುದು ಇನ್ನರ್ಧ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಳಾಪಟ್ಟಿಯಲ್ಲಿ ಆಟದ ಅವಧಿ ಇದೆ, ಆದರೆ ಗಣಿತದ ಪಾಠ ಉಳಿದರೆ ಮೊದಲು ಹೋಗುವುದು ಅದೇ. ನಡೆದರೂ ಮಧ್ಯಾಹ್ನದ ಕೊನೆಯ ಅವಧಿ, ಅಂದರೆ ರಾಯಚೂರಿನ ಬಿಸಿಲಿಗೆ ಮೈದಾನದ ಮಣ್ಣು ಬರಿಗಾಲನ್ನು ಸುಡುವ ಹೊತ್ತು. ಅದನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಇಟ್ಟು, ಖೋಖೋ, ಲಗೋರಿ, ಕುಂಟಾಟ ಆಡಿಸಿದರೆ ಊಟದ ಹೊತ್ತಿಗೆ ಮಕ್ಕಳು ತಾವಾಗಿಯೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಇದಕ್ಕೆ ಹೊಸ ಅನುದಾನವೇನೂ ಬೇಡ.

ಶಿಕ್ಷಣ ಇಲಾಖೆ ಮತ್ತು ಆಹಾರ ಸುರಕ್ಷತಾ ಅಧಿಕಾರಿಗಳು ಮುಂದಿನ ಜೂನ್‌ನಲ್ಲಿ ತರಗತಿಗಳು ಆರಂಭವಾಗುವ ಮೊದಲೇ ಪ್ರತಿ ಶಾಲೆಯ ಗೇಟಿನಿಂದ 50 ಮೀಟರ್ ಅಳೆದು ಗೆರೆ ಎಳೆಸಬೇಕು, ಆಟದ ಅವಧಿ ನಡೆದದ್ದನ್ನು ಹಾಜರಿಯಂತೆಯೇ ದಿನವೂ ದಾಖಲಿಸುವಂತೆ ಮುಖ್ಯ ಶಿಕ್ಷಕರಿಗೆ ಸೂಚಿಸಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಪಾಲಕ
ರಾಯಚೂರು